‘ಆಂತೊಹೀತೊ’ಗೆ ಕನ್ನಡದಲ್ಲಿ ಏನಂತೀರಿ? ಬಯಕೆ, ಚಪಲ, ಕಣ್ಣಾಸೆ...

ಎಲ್ಲರಿಗೂ ನಮಸ್ಕಾರ,

ಒಂದು ಪದ ಹತ್ತು ದಿನದಿಂದ ತಲೆಯೊಳಗೇ ಸುತ್ತುತಾ ಇದೆ, ಬಲ್ಲವರು ದಯವಿಟ್ಟು ಹೇಳಿ. ಮೆಕ್ಸಿಕೋದ ವಹಾಕ ಅನ್ನೋ ಊರಲ್ಲಿ (ಸ್ಪೆಲ್ಲಿಂಗಲ್ಲಿ ಎಕ್ಸ್ ಇದ್ರೂ ಅಲ್ಲಿಯವರು ಹೇಳೋದು ಹೀಗೇನೇ) ಒಂದು ವಾರ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಬೀದಿ ಬೀದಿ ತಿರುಗಿ, ಕಂಡಲ್ಲೆಲ್ಲ ನಿಂತು ತಿಂದು ಬಂದಿದೀನಿ, ಈಗ ಆ ಫೋಟೋಗಳನ್ನೆಲ್ಲ ಒಂದು ಆಲ್ಬಮ್ ಮಾಡಿ ಅಮ್ಮ ಓದ್ಲಿ ಅಂತ ಕೆಳಗೆ ಎರಡೆರಡು ಸಾಲು ಕನ್ನಡದಲ್ಲಿ ಬರೀತಿದೀನಿ. ಎಲ್ಲ ಸಲೀಸಾಗಿ ಬಂತು, ‘ಆಂತೊಹೀತೊ’ ಹತ್ರ ಬಂದು ನಿಂತುಹೋಯ್ತು.

ಇದು ಅಲ್ಲಿನ ಬೀದಿ ತಿಂಡಿಗಳಿಗೆಲ್ಲ ಸೇರಿಸಿ ಹೇಳೋ ಹೆಸರು, ಅರ್ಧ ಅಂಗಡಿಗಳ ಬೋರ್ಡಲ್ಲಿ ಇರುತ್ತೆ. ಅಲ್ಲಿಯವರ ಸ್ಪ್ಯಾನಿಷಲ್ಲಿ ‘ಆಂತೊಹೊ’ ಅಂದ್ರೆ ಇದ್ದಕ್ಕಿದ್ದ ಹಾಗೆ ಏನನ್ನೋ ತಿನ್ನಬೇಕು ಅನ್ನಿಸೋದು, ಅದಕ್ಕೆ ‘ಈತೊ’ ಸೇರಿದ್ರೆ ಪುಟ್ಟ ಆಸೆ ಅಂತ ಆಗುತ್ತೆ. ಅಂದ್ರೆ ಆಸೆಯ ಹೆಸರನ್ನೇ ತಿಂಡಿಗೆ ಇಟ್ಟುಬಿಟ್ಟಿದಾರೆ.

ನಾನು ಈ ಪದದ ಹಿಂದೆ ಬಿದ್ದಿದ್ದು ಯಾಕೆ ಅಂತ ಹೇಳ್ಬೇಕು. ಸೋಕಲೋ ಅಂತ ಊರ ನಡುವಿನ ಚೌಕ, ಅಲ್ಲಿಂದ ತೆಂಕಕ್ಕೆ ನಾಲ್ಕು ಹೆಜ್ಜೆ ಹಾಕಿದ್ರೆ ಬೆನೀತೊ ಹ್ವಾರೆಸ್ ಮಾರ್ಕೆಟ್ಟು, ಅದನ್ನ ದಾಟಿದ್ರೆ ‘ನವೆಂಬರ್ 20’ ಅನ್ನೋ ಮಾರ್ಕೆಟ್ಟು, 1910ರ ಕ್ರಾಂತಿ ಶುರುವಾದ ದಿನದ ಹೆಸರು ಅದು. ಅದರಲ್ಲಿ ಒಂದು ಓಣಿ ಪೂರ್ತಿ ಕೆಂಡದ ಮೇಲೆ ಮಾಂಸ ಸುಡೋ ಹೊಗೆ, ಮೇಲಿಂದ ಬಿಸಿಲು ಕೋಲಾಗಿ ಇಳೀತಿರುತ್ತೆ, ಫೋಟೋಕ್ಕೆ ಹೇಳಿ ಮಾಡಿಸಿದ ಜಾಗ. ಆದ್ರೆ ನಾನು ಹೇಳ್ತಿರೋದು ಅಲ್ಲಿಂದ ಹೊರಗೆ ಬಂದ್ಮೇಲೆ ಒಂದು ಮೂಲೇಲಿ ಮಣ್ಣಿನ ಹೆಂಚಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ವಿಷಯ. ಹೆಂಚಿಗೆ ಅವರು ‘ಕೊಮಾಲ್’ ಅಂತಾರೆ, ಹಿಟ್ಟು ಅಂಟಬಾರದು ಅಂತ ಸುಣ್ಣದ ನೀರು ಬಳಿದು ಬಳಿದು ಬೆಳ್ಳಗಾಗಿತ್ತು. ಸುಣ್ಣದ ನೀರಲ್ಲಿ ಬೇಯಿಸಿ ಅರೆದ ಮುಸುಕಿನ ಜೋಳದ ಹಿಟ್ಟನ್ನ ಒಂದು ಉಂಡೆ ತಗೊಂಡು ಉದ್ದಕ್ಕೆ ತಟ್ಟಿ ಹಾಕಿದ್ರು, ಬೆಂದ ತಕ್ಷಣ ಬಿಸಿ ಬಿಸಿ ಇದ್ದ ಹಾಗೇ ಬೆರಳ ತುದೀಲಿ ಸುತ್ತಲೂ ಚಿವುಟಿ ಚಿವುಟಿ ಅಂಚು ಎಬ್ಬಿಸಿದ್ರು, ಮೇಲೆ ಹಾಕಿದ್ದು ಚೆಲ್ಲಬಾರದು ನೋಡಿ. ಆಮೇಲೆ ಕರೀ ಬೀನ್ಸ್ ಕಾಳಿನ ಮುದ್ದೆ, ಎಳೆ ಎಳೆಯಾಗಿ ಬಿಡಿಸಿದ ಚೀಸು, ಖಾರದ ಚಟ್ನಿ. ಇದಕ್ಕೆ ‘ಮೆಮೇಲ’ ಅಂತ ಹೆಸರು. ಹಂದಿ ಕೊಬ್ಬು ಸವರೋದು ವಾಡಿಕೆ, ನಂಗೆ ಬೇಡ ಅಂದಿದ್ದಕ್ಕೆ ಹಾಗೇ ಕೊಟ್ರು.

ಕೊಡೋ ಮುಂಚೆ ಆ ಅಜ್ಜಿ ಕೇಳಿದ್ದು ‘ಕೆ ಸೆ ಲೆ ಆಂತೊಹಾ?’ ಅಂತ. ‘ಏನು ಬೇಕು’ ಅಲ್ಲ, ‘ಏನ್ ಕೊಡ್ಲಿ’ ಅಲ್ಲ, ‘ನಿಮಗೆ ಏನು ತಿನ್ನಬೇಕು ಅನ್ನಿಸ್ತಿದೆ’ ಅಂತ. ವಾಕ್ಯದ ಕಟ್ಟು ನೋಡಿ, ಇಂಗ್ಲಿಷಲ್ಲಿ ‘ನಾನು’ ಆಸೆಪಡ್ತೀನಿ, ಸ್ಪ್ಯಾನಿಷಲ್ಲಿ ಕನ್ನಡದ ಹಾಗೇ ‘ನನಗೆ’ ಅನ್ನಿಸುತ್ತೆ, ಆಸೆ ತಾನಾಗಿ ಬಂದು ಆಗೋ ಸಂಗತಿ. ಇಷ್ಟು ಹತ್ರ ಇರೋ ಎರಡು ಭಾಷೆ ನಡುವೆ ಪದ ಸಿಗಲ್ಲ ಅಂದ್ರೆ ನಂಬೋಕೆ ಆಗ್ತಿಲ್ಲ.

ನಂಗೆ ತೋಚಿದ್ದು ಇಷ್ಟು. ‘ತಿಂಡಿ’ ಅಂದ್ರೆ ಬೆಳಗಿನ ಇಡ್ಲಿ ನೆನಪಾಗುತ್ತೆ. ‘ಕುರುಕಲು’ ಅಂದ್ರೆ ಚಕ್ಕುಲಿ ಕೋಡುಬಳೆ ಕಡೆ ಹೋಗುತ್ತೆ, ಇದು ಮೆತ್ತಗಿರೋ ಬಿಸಿ ತಿಂಡಿ. ‘ಬಾಯಾಡಿಸೋದು’ ಚೆಂದ ಇದೆ ಆದ್ರೆ ಅದು ಕ್ರಿಯೆ, ಹೆಸರಾಗಿ ನಿಲ್ಲಲ್ಲ. ‘ಬಾಯಿಚಪಲ’ ಅರ್ಥಕ್ಕೆ ಹತ್ರ ಬರುತ್ತೆ, ಆದ್ರೆ ಅದರಲ್ಲಿ ಬೈಗುಳ ಇದೆ, ತಿನ್ನೋರನ್ನ ಮನೇಲಿ ಹಿರಿಯರು ಗದರಿಸೋ ದನಿ ಅದು, ಬೋರ್ಡ್ ಮೇಲೆ ಬರೆದು ಗಿರಾಕಿ ಕರೆಯೋಕಾಗಲ್ಲ.

ಉಳಿದಿದ್ದು ‘ಬಯಕೆ’. ಇದರ ವಿಷಯದಲ್ಲಿ ನಂಗೆ ಮೈ ಜುಮ್ಮೆಂದಿದ್ದು ಯಾಕಂದ್ರೆ ಆಂತೊಹೊ ಅಂದ್ರೆ ಬಸುರಿ ಬಯಕೆಯೂ ಹೌದು! ಅಷ್ಟೇ ಅಲ್ಲ, ಹುಟ್ಟುಮಚ್ಚೆಗೂ ಅದೇ ಪದ, ತಾಯಿಗೆ ಬಯಸಿದ್ದು ಸಿಗದೆ ಇದ್ರೆ ಅದು ಮಗು ಮೈಮೇಲೆ ಗುರುತಾಗಿ ಬರುತ್ತೆ ಅನ್ನೋ ನಂಬಿಕೆಯಿಂದ. ನಮ್ಮಜ್ಜಿ ಹೇಳ್ತಿದ್ದಿದ್ದು ಬಯಕೆ ತೀರಿಸದಿದ್ರೆ ಮಗುಗೆ ಕಿವಿ ಸೋರುತ್ತೆ ಅಂತ. ಗುರುತು ಬೇರೆ, ಯೋಚನೆ ಒಂದೇ. ಹಾಗಾಗಿ ‘ಬಯಕೆ ತಿಂಡಿ’ ಅಂತ ಬರೆದೆ, ಆದ್ರೆ ಅಮ್ಮಂಗೆ ಫೋನಲ್ಲಿ ಓದಿ ಹೇಳಿದ್ರೆ ಅವರು ಮೊದ್ಲು ಕೇಳಿದ್ದೇ ‘ಯಾರಿಗೋ ಸೀಮಂತಾನಾ’ ಅಂತ. ನಮ್ಮ ಕಡೆ (ಹಾಸನ) ಊಟದ ವಿಷಯಕ್ಕೆ ಬಯಕೆ ಅಂದ್ರೆ ಬಸುರಿಯರದ್ದೇ. ನಿಮ್ಮ ಕಡೆ ಹೇಗೆ? ಬೇರೆಯವರಿಗೂ ಬಳಸ್ತೀರಾ?

ಇನ್ನೊಂದು ಇದೆ. ಆಂತೊಹೊ ಪದದ ಬೇರು ಲ್ಯಾಟಿನ್ನಿನ ‘ಆಂತೆ ಓಕುಲುಂ’, ಅಂದ್ರೆ ‘ಕಣ್ಣ ಮುಂದೆ’. ಇದು ಗೊತ್ತಾದಾಗ ನನ್ನ ಇಡೀ ವಾರ ಅರ್ಥ ಆಯ್ತು ಅನ್ನಿಸ್ತು, ಕ್ಯಾಮೆರಾ ಎತ್ತಿದ್ದೂ ಕೈ ಚಾಚಿದ್ದೂ ಒಂದೇ ಕಾರಣಕ್ಕೆ, ಕಣ್ಣ ಮುಂದೆ ಬಂತು. ಸಂಜೆ ಸಾಂತೊ ದೊಮಿಂಗೊ ಚರ್ಚಿನ ಮುಂದೆ ಸುಟ್ಟ ತೆನೆ ಮಾರೋ ಗಾಡಿ, ಹಿಂದೆ ಹಸಿರು ಛಾಯೆಯ ಕಲ್ಲಿನ ಗೋಡೆ, ಆ ಬೆಳಕಲ್ಲಿ ತೆನೆ ಮೇಲೆ ನಿಂಬೆರಸ, ಖಾರದಪುಡಿ ಬೀಳೋದು, ಹಸಿವೇ ಇಲ್ಲದಿದ್ರೂ ಕಾಲು ಅಲ್ಲೇ ನಿಲ್ಲುತ್ತೆ. ಅದಕ್ಕೇ ‘ಕಣ್ಣಾಸೆ’ ಅಂತ ಬರೆದು ನೋಡಿದೆ. ‘ಕಣ್ಣಾಸೆಯ ತಿಂಡಿ’. ಕೇಳೋಕೆ ಹಿತವಾಗಿದೆ ಅನ್ನಿಸುತ್ತೆ, ಬೈಗುಳವೂ ಇಲ್ಲ ಸೀಮಂತವೂ ಇಲ್ಲ, ಆದ್ರೆ ನಾನು ಹುಟ್ಟಿಸಿದ್ದೋ ಮೊದಲೇ ಯಾರಾದ್ರೂ ಆಡೋ ಮಾತೋ ತಿಳೀಬೇಕು.

‘ಈತೊ’ ಬಗ್ಗೆನೂ ಒಂದು ಮಾತು. ಅದು ಬರೀ ಗಾತ್ರ ಹೇಳಲ್ಲ, ಮಾತನ್ನ ಮೆತ್ತಗೆ ಮಾಡುತ್ತೆ. ಆ ಅಜ್ಜಿ ‘ಸಲ್ಸೀತ’ (ಸಲ್ಸ ಅಂದ್ರೆ ಚಟ್ನಿ, ಅದಕ್ಕೂ ಇದೇ ಬಾಲ) ಹಾಕ್ಲಾ ಅಂತ ಕೇಳಿ ಧಾರಾಳವಾಗೇ ಸುರಿದ್ರು. ನಮ್ಮಲ್ಲಿ ‘ಒಂಚೂರು ಚಟ್ನಿ ಹಾಕ್ಲಾ’ ಅಂತ ದೊಡ್ಡ ಸೌಟಲ್ಲಿ ಬಡಿಸಲ್ವಾ, ಆ ‘ಒಂಚೂರು’ ಮಾಡೋ ಕೆಲಸವೇ ಇದು. ಹಾಗಾಗಿ ‘ಪುಟ್ಟ’, ‘ಕಿರು’ ಸೇರಿಸೋದು ಬೇಡ ಅಂತ ಬಿಟ್ಟಿದೀನಿ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಮುಖ್ಯವಾಗಿ ಹೇಳಿ, ಹೊಟ್ಟೆ ತುಂಬಿದ್ರೂ ಕಣ್ಣಿಗೆ ಬಿದ್ದಿದ್ದಕ್ಕೆ ತಿನ್ನಬೇಕು ಅನ್ನಿಸೋದಕ್ಕೆ ನಿಮ್ಮನೇಲಿ ಏನಂತಾರೆ? ಅಜ್ಜಿಯ ಫೋಟೋ ಕೆಳಗೆ ಸದ್ಯಕ್ಕೆ ಜಾಗ ಖಾಲಿ ಬಿಟ್ಟಿದೀನಿ.