ಸಹಾಯ ಬೇಕು: ಜೀನು ಕಂಡರೆ ಕಿವಿ ಹಿಂದಕ್ಕೆ ಹಾಕುವ ಕುದುರೆಗೆ ಜೀನಿನ ಕೆಳಗೆ ಯಾವ ಪ್ಯಾಡ್?

ಎಲ್ಲರಿಗೂ ನಮಸ್ಕಾರ. ನಮ್ಮ ಹೆಣ್ಣು ಕುದುರೆ ಥರೋಬ್ರೆಡ್, 11 ವರ್ಷ, ಮೊದಲು ರೇಸಿನಲ್ಲಿ ಓಡುತ್ತಿದ್ದಳು. ಈಗ ಯಲಹಂಕದ ಹತ್ತಿರ ಒಂದು ಲಾಯದಲ್ಲಿದ್ದಾಳೆ. ಚರ್ಮ ತುಂಬಾ ಸೂಕ್ಷ್ಮ. ಎರಡು ತಿಂಗಳಿಂದ ಜೀನು ಕಟ್ಟುವಾಗ ಕಚ್ಚೋಕೆ ಬರುತ್ತಾಳೆ. ಮೊದಲು ಹೀಗಿರಲಿಲ್ಲ.

ಸವಾರಿ ಮುಗಿಸಿ ನೋಡಿದರೆ ಬೆನ್ನೆಲ್ಲ ಬೆವರು, ಹೆಗಲಿನ ಹಿಂದೆ ಮಾತ್ರ ಎರಡೂ ಕಡೆ ಅಂಗೈಯಗಲ ಒಣಗಿರುತ್ತದೆ. ಅಲ್ಲೇ ಒತ್ತುತ್ತಿದೆ ಅನ್ನೋದಕ್ಕೆ ಅದು ಗುರುತು, ಅಲ್ವಾ? ಎಡಗಡೆ ನಾಲ್ಕೈದು ಬಿಳಿ ಕೂದಲೂ ಬಂದಿವೆ. ನೋಡಿ ಕರುಳು ಚುರ್ ಅಂದಿತು.

ಒಂದು ಅಂಗಡಿಯವರ ಮಾತು ಕೇಳಿ ದಪ್ಪ ಜೆಲ್ ಪ್ಯಾಡ್ ತಂದೆ. ನೋವು ಇನ್ನೂ ಜಾಸ್ತಿಯಾಯಿತು. ಬಿಗಿಯಾದ ಶೂ ಒಳಗೆ ದಪ್ಪ ಸಾಕ್ಸ್ ಹಾಕಿದರೆ ಕಾಲು ಇನ್ನಷ್ಟು ಒತ್ತುತ್ತದೆ, ಹಾಗೇ ಇದು. ಜೀನಿನ ಒಳಚೌಕಟ್ಟೇ ಇಕ್ಕಟ್ಟಾಗಿದ್ದರೆ ಪ್ಯಾಡ್ ಏನು ಮಾಡುತ್ತದೆ? ತೆಳು ಹತ್ತಿ ಪ್ಯಾಡ್ ಹಾಕಿ ನೋಡಿದೆ. ಹೆಗಲ ಉಬ್ಬಿಗೂ ಜೀನಿಗೂ ನಡುವೆ ಎರಡು ಬೆರಳೂ ತೂರುವುದಿಲ್ಲ. ಹಿಂದಿನ ತುದಿ ಕೊನೆಯ ಪಕ್ಕೆಲುಬು ದಾಟಿಲ್ಲ, ಅದೊಂದು ಸಮಾಧಾನ. ಸದ್ಯಕ್ಕೆ ಸವಾರಿ ನಿಲ್ಲಿಸಿದ್ದೇನೆ. ಡಾಕ್ಟರು ನೋಡಿದ್ದಾರೆ, ಕುಂಟುತ್ತಿಲ್ಲ.

ಬೆಂಗಳೂರಿನಲ್ಲಿ ಲಾಯಕ್ಕೇ ಬಂದು ಅಳತೆ ತೆಗೆದು, ಜೀನಿನೊಳಗೆ ತುಂಬಿದ ಉಣ್ಣೆ ಸರಿಮಾಡಿ ಕೊಡುವವರು ಇದ್ದಾರಾ? ಕಾನ್ಪುರದಿಂದ ಹೊಸ ಜೀನು ತರಿಸಿದವರು ಬೆನ್ನಿನ ಅಳತೆ ಹೇಗೆ ಕಳಿಸಿದಿರಿ? ನಾನು ಬಗ್ಗುವ ತಂತಿಯನ್ನು ಹೆಗಲ ಮೇಲೆ ಒತ್ತಿ, ಆ ಆಕಾರವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೇನೆ. ಅಷ್ಟು ಸಾಕಾ? ಇನ್ನೊಂದು ಮಾತು, ಏಪ್ರಿಲ್ ಬಿಸಿಲಿಗೆ ಕುರಿಯುಣ್ಣೆ ಪ್ಯಾಡ್ ಆಗುತ್ತದಾ? ಸ್ವಂತ ಕುದುರೆಗೆ ಬಳಸಿ ನೋಡಿದವರು ದಯವಿಟ್ಟು ಹೇಳಿ.