ಮೊಣಕಾಲಿನ ಆರ್ತ್ರೋಸ್ಕೋಪಿಯಲ್ಲಿ ಲೇಸರ್ ಬಳಕೆ: ಲಾಭವೇನು, ಅಪಾಯವೇನು?

ಪ್ರಶ್ನೆ ಕೇಳಿದವರು:
ನಮ್ಮ ತಾಯಿಯವರಿಗೆ 58 ವರ್ಷ. ಎಂಆರ್‌ಐ ವರದಿಯ ಪ್ರಕಾರ ಅವರ ಮೊಣಕಾಲಿನ ಮೆನಿಸ್ಕಸ್ (ಕೀಲಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಭಾಗ) ಹರಿದಿದೆ, ಮೂಳೆ ಸವೆತವೂ ಆರಂಭವಾಗಿದೆ. ಆರ್ತ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರದ ಮೂಲಕ ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಹರಿದ ಭಾಗವನ್ನು ಲೇಸರ್‌ನಿಂದ ತೆಗೆಯಬಹುದೆಂದು ಒಬ್ಬ ವೈದ್ಯರು ಹೇಳಿದರೆ, ಮಾಮೂಲಿ ಉಪಕರಣಗಳೇ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಮೂಳೆ ಶಸ್ತ್ರಚಿಕಿತ್ಸಕಿ:
ಎರಡೂ ವಿಧಾನಗಳಲ್ಲಿ ಮಾಡುವ ಕೆಲಸ ಒಂದೇ, ಕತ್ತರಿಸುವ ಸಾಧನ ಮಾತ್ರ ಬೇರೆ. 1980ರ ದಶಕದಲ್ಲಿ ಬಳಸಿದ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಕಿರಣವನ್ನು ನೀರು ಪೂರ್ತಿಯಾಗಿ ಹೀರಿಕೊಳ್ಳುತ್ತಿದ್ದುದರಿಂದ, ಕೀಲಿನೊಳಗೆ ಸಲೈನ್ (ಉಪ್ಪು ನೀರಿನ ದ್ರಾವಣ) ಬದಲು ಅನಿಲವನ್ನು ತುಂಬಬೇಕಾಗುತ್ತಿತ್ತು. ಬಳಿಕ ಬಂದ ಹೋಲ್ಮಿಯಂ ಲೇಸರ್‌ನ ತರಂಗಾಂತರ ಸುಮಾರು 2,100 ನ್ಯಾನೋಮೀಟರ್; ಅದನ್ನು ತೆಳುವಾದ ಫೈಬರ್ ಮೂಲಕ ಸಲೈನ್ ತುಂಬಿದ ಕೀಲಿನೊಳಕ್ಕೇ ಒಯ್ಯಬಹುದು, ಮತ್ತು ಅಂಗಾಂಶದಲ್ಲಿ ಅದು ಅರ್ಧ ಮಿಲಿಮೀಟರಿನಷ್ಟೂ ಆಳಕ್ಕೆ ಇಳಿಯುವುದಿಲ್ಲ. ಮೊಣಕಾಲಿನ ಹಿಂಭಾಗದ ಇಕ್ಕಟ್ಟಾದ ಜಾಗವನ್ನು ತಲುಪಲು ಇದು ನಿಜಕ್ಕೂ ಅನುಕೂಲ.

ಆದರೂ ಇದು ವ್ಯಾಪಕವಾಗಿ ಉಳಿಯದಿರಲು ಮುಖ್ಯ ಕಾರಣ ಶಾಖದ ಭಯ. ಮೃದ್ವಸ್ಥಿಯ (ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದಿಸಿರುವ ನುಣುಪಾದ ಪದರ) ಜೀವಕೋಶಗಳು ಹೆಚ್ಚಿನ ಉಷ್ಣತೆಯನ್ನು ತಾಳಲಾರವು, ಒಮ್ಮೆ ಸತ್ತರೆ ಆ ಭಾಗ ಮತ್ತೆ ಸರಿಯಾಗಿ ಬೆಳೆಯುವುದಿಲ್ಲ. ಲೇಸರ್ ಚಿಕಿತ್ಸೆಯ ನಂತರ ಮೃದ್ವಸ್ಥಿಯ ಕೆಳಗಿನ ಮೂಳೆ ನಿರ್ಜೀವವಾದ ಪ್ರಕರಣಗಳು 1990ರ ದಶಕದಲ್ಲಿ ವರದಿಯಾದವು. ಮಾಮೂಲಿ ಉಪಕರಣ ಬಳಸಿದಾಗಲೂ ಅಪರೂಪಕ್ಕೆ ಹಾಗಾಗುವುದರಿಂದ ಎಲ್ಲ ದೋಷವನ್ನೂ ಲೇಸರ್ ಮೇಲೆ ಹೊರಿಸುವಂತಿಲ್ಲ. ಆದರೆ ಮಾಮೂಲಿ ಕತ್ತರಿಸುವ ಉಪಕರಣಗಳಾದ ಪಂಚ್ ಮತ್ತು ಶೇವರ್ ಅಷ್ಟೇ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುವಾಗ ಆ ಅಪಾಯವನ್ನು ಏಕೆ ಆಹ್ವಾನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ಡಾಕ್ಟರೇ. ಲೇಸರ್‌ನಿಂದ ಹರಿದ ಮೆನಿಸ್ಕಸ್ ಅನ್ನು ಬೆಸೆಯಲೂ ಸಾಧ್ಯವೇ?

ಮೂಳೆ ಶಸ್ತ್ರಚಿಕಿತ್ಸಕಿ:
ಪ್ರಯೋಗಗಳು ನಡೆದಿವೆ, ಆದರೆ ಅದು ವಾಡಿಕೆಯ ಚಿಕಿತ್ಸೆಯಾಗಲಿಲ್ಲ. ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತ ಸಂಚಾರವಿರುವುದರಿಂದ ಅಲ್ಲಿನ ಸೀಳುಗಳನ್ನು ಹೊಲಿಗೆ ಹಾಕಿ ಕೂಡಿಸುತ್ತೇವೆ.

ಫಿಸಿಯೋಥೆರಪಿಸ್ಟ್:
ಸಾಧನವನ್ನು ಆರಿಸುವ ಮೊದಲು ಶಸ್ತ್ರಚಿಕಿತ್ಸೆಯೇ ಬೇಕೇ ಎಂದು ಕೇಳಿರಿ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊಣಕಾಲಿನ ಮೂಳೆ ಸವೆತವಿದ್ದ 180 ಜನರ ಪೈಕಿ ಕೆಲವರಿಗೆ ಆರ್ತ್ರೋಸ್ಕೋಪಿ ಮಾಡಿ, ಉಳಿದವರಿಗೆ ಚರ್ಮದ ಮೇಲೆ ಗಾಯವನ್ನಷ್ಟೇ ಮಾಡಲಾಗಿತ್ತು. ಎರಡು ವರ್ಷಗಳವರೆಗೂ ನೋವಿನಲ್ಲಿ ಆರ್ತ್ರೋಸ್ಕೋಪಿಯಾದವರಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಸವೆತದೊಂದಿಗೆ ಬಂದ ಮೆನಿಸ್ಕಸ್ ಸೀಳಿಗೆ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೇ ಮೊದಲ ಚಿಕಿತ್ಸೆ. ಆದರೆ ಮಂಡಿ ನಡುವೆಯೇ ಸಿಕ್ಕಿಕೊಂಡು ನೇರವಾಗದೆ ಹೋಗುತ್ತಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಇನ್ನು, ಚರ್ಮದ ಮೇಲಿನಿಂದ ನೀಡುವ ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆಯೇ ಬೇರೆ, ಅದರಿಂದ ಯಾವ ಅಂಗಾಂಶವನ್ನೂ ಕತ್ತರಿಸುವುದಿಲ್ಲ. ತಾಯಿಯವರಿಗೆ ಸೂಚಿಸಿರುವುದು ಯಾವುದೆಂದು ವೈದ್ಯರನ್ನು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ.