ಒಂದೇ ನೊಣಕ್ಕೆ ಮೂರು ಹೆಸರು ಬರುತ್ತಿದೆ: ಈ ರಾಬರ್ ಫ್ಲೈ ಯಾವುದು ಅಂತ ಗುರುತಿಸುವುದು ಹೇಗೆ?

ಹುಲ್ಲುಹಾದಿ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ನೊಣದ ಹಿಂದೆ ಬಿದ್ದಿದ್ದೇನೆ. ಒಣ ಕಡ್ಡಿಯ ತುದಿಯಲ್ಲಿ ಅಲುಗಾಡದೆ ಕೂತಿರುತ್ತದೆ. ಯಾವುದಾದರೂ ಪುಟ್ಟ ಹುಳ ಹಾರಿ ಹೋದರೆ ಸಾಕು, ಚಿಮ್ಮಿ ಹೋಗಿ ಗಾಳಿಯಲ್ಲೇ ಹಿಡಿದು, ಮತ್ತೆ ಅದೇ ಕಡ್ಡಿಗೆ ಬಂದು ಕೂತು ಹೀರುತ್ತದೆ.

ಉದ್ದ ಸುಮಾರು 14 ಮಿಲಿಮೀಟರ್. ಬೂದು ಎದೆ, ತೆಳ್ಳನೆಯ ಕಪ್ಪು ಹೊಟ್ಟೆ, ಕಾಲು ಅರ್ಧ ಹಳದಿ ಅರ್ಧ ಕಪ್ಪು. ಬೆನ್ನಿನ ಮೇಲಿಂದ ತೆಗೆದ ಫೋಟೋವನ್ನು ಹುಳ ಗುರುತಿಸುವ ಆ್ಯಪ್‌ಗೆ ಹಾಕಿದೆ. ಒಮ್ಮೆ ಪ್ರೊಮ್ಯಾಕಸ್ ಅನ್ನುತ್ತದೆ, ಇನ್ನೊಮ್ಮೆ ಮ್ಯಾಕಿಮಸ್ ಅನ್ನುತ್ತದೆ; ಎರಡೂ ರಾಬರ್ ಫ್ಲೈ ಕುಲಗಳೇ. ಫೋಟೋದ ಅಂಚು ಕತ್ತರಿಸಿ ಹಾಕಿದರೆ ಇದು ರಾಬರ್ ಫ್ಲೈಯೇ ಅಲ್ಲ, ಸ್ಟಿಲೆಟ್ಟೊ ಫ್ಲೈ ಅನ್ನುತ್ತದೆ. ಕಡ್ಡಿಯ ಬುಡದಲ್ಲಿ ಸತ್ತು ಬಿದ್ದಿದ್ದ ಒಂದು ಸಿಕ್ಕಿತು, ಪೆಟ್ಟಿಗೆಯಲ್ಲಿ ಒಣಗಿಸಿ ಇಟ್ಟಿದ್ದೇನೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇದೆ. ಇದನ್ನು ಸರಿಯಾಗಿ ಗುರುತಿಸಿ ವಿವರಣೆ ಬರೆಯಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಎರಡುರೆಕ್ಕೆ:

ತೊಂದರೆ ಇರೋದು ಬೆನ್ನಿನ ಫೋಟೋದಲ್ಲಿ. ರಾಬರ್ ಫ್ಲೈಗಳ ಆಸಿಲಿಡೇ ಕುಟುಂಬದಲ್ಲಿ ಇಲ್ಲಿಯವರೆಗೆ ಹೆಸರಿಟ್ಟಿರುವ ಪ್ರಭೇದಗಳೇ 7,000ಕ್ಕೂ ಜಾಸ್ತಿ. ಅದರಲ್ಲಿ ಬೂದು ಎದೆ, ಕಪ್ಪು ಹೊಟ್ಟೆಯವು ಲೆಕ್ಕವಿಲ್ಲದಷ್ಟು. ಮೇಲಿಂದ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರೇ.

ಮೊದಲು ಕುಟುಂಬ ಖಚಿತ ಮಾಡಿಕೊಳ್ಳಿ. ನೊಣವನ್ನು ನಿಮ್ಮ ಮುಖಕ್ಕೆ ಎದುರಾಗಿ ಹಿಡಿಯಿರಿ. ಎರಡು ದೊಡ್ಡ ಕಣ್ಣುಗಳ ನಡುವೆ ನೆತ್ತಿ ತೊಟ್ಟಿಲಿನ ಹಾಗೆ ತಗ್ಗಿದೆಯಾ? ಆ ತಗ್ಗಿನಲ್ಲಿ ಸಣ್ಣ ಗುಬುಟು, ಅದರ ಮೇಲೆ ಮೂರು ಚುಕ್ಕೆಗಣ್ಣು ಇದೆಯಾ? ಬಾಯಿಯ ಮೇಲ್ಗಡೆ ಬಿರುಗೂದಲಿನ ಪೊದೆಮೀಸೆ ಇದೆಯಾ? ಅದಕ್ಕೆ ಮಿಸ್ಟ್ಯಾಕ್ಸ್ ಅನ್ನುತ್ತಾರೆ, ಗ್ರೀಕಿನಲ್ಲಿ ಮೀಸೆ ಅಂತಲೇ ಅರ್ಥ. ಒದ್ದಾಡುವ ಬೇಟೆಯ ಕಾಲು, ಕೊಂಡಿ ಮುಖಕ್ಕೆ ತಾಗದ ಹಾಗೆ ಅದು ಕಾಯುತ್ತದೆ ಎನ್ನುತ್ತಾರೆ. ಅದರ ಕೆಳಗೆ ಗಟ್ಟಿ ಚೂಪು ಸೊಂಡಿಲು ಇರಬೇಕು. ಅದನ್ನು ಚುಚ್ಚಿ ಜೊಲ್ಲು ಬಿಡುತ್ತದೆ. ಬೇಟೆ ಮರಗಟ್ಟುತ್ತದೆ, ಒಳಗೆಲ್ಲ ಕರಗಿ ನೀರಾಗುತ್ತದೆ, ಆಮೇಲೆ ಹೀರುತ್ತದೆ.

ಸ್ಟಿಲೆಟ್ಟೊ ಫ್ಲೈಗೆ ನೆತ್ತಿ ತಗ್ಗಿರುವುದಿಲ್ಲ, ಈ ಮೀಸೆ ಇಲ್ಲ, ಬಾಯಿಯೂ ಮೆದು. ಮೈಡಾಸ್ ಫ್ಲೈಗೆ ನೆತ್ತಿ ತಗ್ಗಿರುತ್ತದೆ, ಆದರೆ ಆಂಟೆನಾ ಉದ್ದವಾಗಿ ತುದಿಯಲ್ಲಿ ಗದೆಯ ಹಾಗೆ ದಪ್ಪಗಿರುತ್ತದೆ.

ಇದಾದ ಮೇಲೆ ಮೂರು ಜಾಗ ನೋಡಿ ಹೇಳಿ: ರೆಕ್ಕೆಯ ಮುಂದಿನ ಅಂಚು, ಆಂಟೆನಾದ ತುದಿ, ಬಾಲದ ತುದಿ. ರೆಕ್ಕೆಯಲ್ಲಿ ಅಂಚಿಗೆ ಹೊಂದಿಕೊಂಡ ಉದ್ದನೆಯ ಕೋಶ (ನಾಳಗಳ ನಡುವಿನ ಜಾಗ) ಇದೆಯಲ್ಲ, ಮಾರ್ಜಿನಲ್ ಕೋಶ, ಅದರ ಹೊರತುದಿ ಅಂಚಿನವರೆಗೂ ತೆರೆದಿದೆಯಾ ಅಥವಾ ಅದಕ್ಕೂ ಮೊದಲೇ ಎರಡು ನಾಳ ಕೂಡಿ ಮುಚ್ಚಿದೆಯಾ? ಅದರ ಹಿಂದೆ ಇರುವ ಸಬ್‌ಮಾರ್ಜಿನಲ್ ಕೋಶಗಳು ಎರಡಾ, ಮೂರಾ? ನಿಧಾನವಾಗಿ ಎಣಿಸಿ.

ಹುಲ್ಲುಹಾದಿ:

ನೆತ್ತಿ ತಗ್ಗಿದೆ, ಮೂರು ಚುಕ್ಕೆಗಣ್ಣೂ ಕಂಡವು. ಮೀಸೆ ದಟ್ಟವಾಗಿದೆ: ಮೇಲಿನ ಕೂದಲು ಕಪ್ಪು, ಕೆಳಗಿನದು ಬಿಳಿ. ಸ್ಟಿಲೆಟ್ಟೊ ಹೋಯಿತು.

ಮಾರ್ಜಿನಲ್ ಕೋಶ ಮುಚ್ಚಿದೆ, ಮುಚ್ಚಿದ ಮೇಲೆ ಚಿಕ್ಕ ತೊಟ್ಟಿನ ಹಾಗೆ ಒಂದೇ ನಾಳ ಅಂಚಿಗೆ ಹೋಗುತ್ತದೆ. ಸಬ್‌ಮಾರ್ಜಿನಲ್ ಕೋಶ ಎರಡೇ. ಮೂರು ಸಲ ಎಣಿಸಿದೆ. ಆಂಟೆನಾದ ತುದಿ ತೆಳ್ಳಗೆ ಕೂದಲಿನ ಹಾಗಿದೆ. ಹಾಗಾದರೆ ಮ್ಯಾಕಿಮಸ್ ಸರಿ ಅಲ್ವಾ?

ಎರಡುರೆಕ್ಕೆ:

ಅರ್ಧ ದಾರಿ ಬಂದಿರಿ. ಪ್ರೊಮ್ಯಾಕಸ್‌ಗೆ ಸಬ್‌ಮಾರ್ಜಿನಲ್ ಕೋಶ ಮೂರು ಇರುತ್ತವೆ, ಹಾಗಾಗಿ ಅದು ಹೋಯಿತು. ಮಾರ್ಜಿನಲ್ ಕೋಶ ಮುಚ್ಚಿರುವುದರಿಂದ ಡಾಸಿಪೊಗೊನಿನೇ, ಸ್ಟೆನೊಪೊಗೊನಿನೇ ಅನ್ನುವ ಉಪಕುಟುಂಬಗಳ ಕಡೆ ಹೋಗುವುದು ಬೇಡ. ಮುಚ್ಚಿದ ಕೋಶ ಲ್ಯಾಫ್ರಿಯಾ ಗುಂಪಿಗೂ ಇದೆ. ಆದರೆ ಅವುಗಳ ಆಂಟೆನಾದ ಕೊನೆಯ ಗಂಟು ದಪ್ಪಗೆ ಮೊಂಡಾಗಿ ನಿಲ್ಲುತ್ತದೆ, ಕೂದಲಿನ ಹಾಗೆ ಮುಂದುವರಿಯುವುದಿಲ್ಲ. ನಿಮ್ಮದು ಆಸಿಲಿನೇ ಉಪಕುಟುಂಬದ ಕಡೆಯದು.

ಮ್ಯಾಕಿಮಸ್ ಅಂತ ಬರೆಯುವ ಮುಂಚೆ ಆ ಕೂದಲನ್ನು ಇನ್ನೊಂದು ಸಲ ನೋಡಿ. ಹಿಂದೆ ಕಪ್ಪು ಕಾಗದ ಇಡಿ, ಬೆಳಕು ಪಕ್ಕದಿಂದ ಬೀಳಲಿ. ಮ್ಯಾಕಿಮಸ್‌ಗೆ ಅದು ನುಣ್ಣಗಿರಬೇಕು.

ಹುಲ್ಲುಹಾದಿ:

ಅಯ್ಯೋ, ನುಣ್ಣಗಿಲ್ಲ! ಬಿಳಿ ಗೋಡೆಯ ಎದುರು ನೋಡಿದಾಗ ಬರೀ ಗೆರೆ. ಕಪ್ಪು ಕಾಗದ ಇಟ್ಟು ಟಾರ್ಚ್ ಪಕ್ಕಕ್ಕೆ ತಂದ ತಕ್ಷಣ ಒಂದೊಂದೇ ಎಳೆ ಹೊಳೆಯಿತು. ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಸಣ್ಣ ಸಣ್ಣ ಕೂದಲು. ಎಷ್ಟು ಚೆಂದ ಇದೆ ಅಂದರೆ ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತೆ.

ಸೂಜಿಮನೆ:

ನಿಮ್ಮ ಗಂಟು ಅಲ್ಲೇ ಬಿಚ್ಚಿತು. ಬಾಚಣಿಗೆಯ ಹಾಗಿನ ಆಂಟೆನಾ ಒಮ್ಮಾಟಿಯಸ್ ಗುಂಪಿನ ಗುರುತು. ಕೆಲವರು ಇವನ್ನು ಒಮ್ಮಾಟಿನೇ ಅಂತ ಬೇರೆ ಉಪಕುಟುಂಬ ಮಾಡುತ್ತಾರೆ, ಕೆಲವರು ಆಸಿಲಿನೇ ಒಳಗೇ ಇಡುತ್ತಾರೆ. ಆ ಗುಂಪಿನಲ್ಲಿ ಮಿಕೊಟಾಮಿಯಾ, ಕೊಫಿನೊಪೋಡಾ ಮುಂತಾದ ಬೇರೆ ಕುಲಗಳೂ ಇವೆ. ಅದಕ್ಕೇ ಇನ್ನೊಂದು ಕೇಳುತ್ತೇನೆ: ಬಾಲದ ತುದಿಯಲ್ಲಿ ಇಕ್ಕಳದಂಥ ಗುಬುಟು ಇದ್ದರೆ ಅದು ಗಂಡು. ಗಂಡಾದರೆ ರೆಕ್ಕೆಯ ಮುಂದಿನ ಅಂಚು ಮಧ್ಯದಲ್ಲಿ ಸ್ವಲ್ಪ ಹೊರಕ್ಕೆ ಉಬ್ಬಿದೆಯಾ ನೋಡಿ. ಒಮ್ಮಾಟಿಯಸ್‌ನ ಎಷ್ಟೋ ಪ್ರಭೇದಗಳ ಗಂಡಿನಲ್ಲಿ ಈ ಉಬ್ಬು ಇರುತ್ತದೆ.

ಹುಲ್ಲುಹಾದಿ:

ಇಕ್ಕಳ ಇದೆ. ಉಬ್ಬೂ ಇದೆ, ರೆಕ್ಕೆಯನ್ನು ಓರೆಯಾಗಿ ಹಿಡಿದಾಗ ಗೊತ್ತಾಯಿತು. ಈಗ ವಿವರಣೆ ಬರೆಯಲು ಕೂತಿದ್ದೇನೆ. ಮೊದಲ ಸಾಲು ಹೀಗಿದೆ: ‘ಬೂದು ಬಣ್ಣದ ಎದೆ, ಅಲ್ಲಲ್ಲಿ ಕೂದಲು, ಸುಂದರವಾದ ಹಳದಿ ಕಾಲು.’ ಸರಿ ಇದೆಯಾ? ಇನ್ನೊಂದು ಪ್ರಶ್ನೆ, ಇದು ಹೊಸ ಪ್ರಭೇದ ಇರಬಹುದಾ?

ಸೂಜಿಮನೆ:

ಮೊದಲು ವಿವರಣೆ. ‘ಬೂದು ಎದೆ’ ಅಂದರೆ ಎರಡು ಅರ್ಥ ಬರುತ್ತದೆ. ಮೈಯ ಚಿಪ್ಪೇ ಬೂದಾ, ಅಥವಾ ಕಪ್ಪು ಚಿಪ್ಪಿನ ಮೇಲೆ ಬೂದು ಹುಡಿಯ ಲೇಪವಾ? ರಾಬರ್ ಫ್ಲೈಯಲ್ಲಿ ಹೆಚ್ಚಾಗಿ ಎರಡನೆಯದೇ. ಆ ಹುಡಿ ಬೆರಳು ತಾಗಿದರೆ ಉದುರುತ್ತದೆ, ಒದ್ದೆಯಾದರೆ ಬಣ್ಣವೇ ಬೇರೆ ಕಾಣುತ್ತದೆ. ಹಾಗಾಗಿ ನೀವು ಆಲ್ಕೋಹಾಲಿನಲ್ಲಿ ಮುಳುಗಿಸದೆ ಒಣಗಿಸಿದ್ದು ಒಳ್ಳೆಯದಾಯಿತು. ಚಿಪ್ಪಿನ ಬಣ್ಣ ಒಂದು ಸಾಲಿನಲ್ಲಿ, ಹುಡಿಯ ಬಣ್ಣ ಇನ್ನೊಂದು ಸಾಲಿನಲ್ಲಿ ಬರೆಯಿರಿ.

‘ಕೂದಲು’ ಕೂಡ ಅಷ್ಟೇ. ಮೆದು ರೋಮ ಬೇರೆ, ದಪ್ಪ ಬಿರುಗೂದಲು ಬೇರೆ. ಬಿರುಗೂದಲಾದರೆ ಎಣಿಸಿ, ಬಣ್ಣ ಹೇಳಿ, ಎಲ್ಲಿ ಅಂತ ಹೇಳಿ. ‘ಅಲ್ಲಲ್ಲಿ’ ಬೇಡ. ಕಾಲಿಗೂ ಹಾಗೇ: ತೊಡೆಯ ಯಾವ ಭಾಗ ಹಳದಿ, ಎಲ್ಲಿಂದ ಕಪ್ಪು, ತೊಡೆಯ ಕೆಳಗೆ ಮುಳ್ಳು ಎಷ್ಟು. ತಲೆ, ಎದೆ, ರೆಕ್ಕೆ, ಕಾಲು, ಹೊಟ್ಟೆ, ಜನನಾಂಗ ಅಂತ ಒಂದೇ ಕ್ರಮದಲ್ಲಿ ಹೋದರೆ ಬೇರೆಯವರ ವಿವರಣೆಯ ಜೊತೆ ಹೋಲಿಸಲು ಸುಲಭ. ಸುಂದರ ಅಂತ ನನಗೂ ಅನಿಸುತ್ತದೆ, ಆದರೆ ಅದರಿಂದ ಇನ್ನೊಬ್ಬರಿಗೆ ಹುಳ ಸಿಗುವುದಿಲ್ಲ.

ಇನ್ನು ಪ್ರಭೇದ. ಒಮ್ಮಾಟಿಯಸ್ ಬಹಳ ದೊಡ್ಡ ಕುಲ. ಎಷ್ಟೋ ಪ್ರಭೇದಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನೇ ನೋಡಬೇಕು. ಬಾಲದ ತುದಿ ಬಿಡಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೆತ್ತಗೆ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅದು ಚರ್ಮ, ಕಣ್ಣು ಸುಡುವ ವಸ್ತು, ಗೊತ್ತಿದ್ದವರ ಜೊತೆ ಕೂತು ಕಲಿಯಿರಿ.

ಹೊಸದಾ ಅನ್ನುವುದನ್ನು ಒಂದು ಹುಳದ ಮೇಲೆ, ಒಂದು ಲೆನ್ಸಿನಲ್ಲಿ ಹೇಳಲು ಆಗುವುದಿಲ್ಲ. ಮೊದಲೇ ಹೆಸರು ಪಡೆದಿರುವ ಹತ್ತಿರದ ಪ್ರಭೇದಗಳ ಮೂಲ ಮಾದರಿಗಳ ಜೊತೆ ಹೋಲಿಸಬೇಕು. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯ ನಾಲ್ಕನೇ ಆವೃತ್ತಿ 2000ದಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಸ ಪ್ರಭೇದಕ್ಕೆ ಹೋಲೋಟೈಪ್ (ಆ ಹೆಸರಿಗೆ ಆಧಾರವಾದ ಒಂದೇ ಮಾದರಿ) ಯಾವುದು, ಅದು ಯಾವ ಸಂಗ್ರಹದಲ್ಲಿದೆ ಅಂತ ಪ್ರಕಟಣೆಯಲ್ಲೇ ಹೇಳಬೇಕು. ಅದಕ್ಕೇ ಇವತ್ತೇ ಚೀಟಿ ಬರೆದು ಅದೇ ಪಿನ್ನಿಗೆ ಸಿಕ್ಕಿಸಿ: ಸಿಕ್ಕ ಜಾಗ, ದಿನಾಂಕ, ಸಂಗ್ರಹಿಸಿದವರ ಹೆಸರು. ಚೀಟಿ ಇಲ್ಲದ ಹುಳ ಎಷ್ಟು ಚೆನ್ನಾಗಿದ್ದರೂ ಯಾರ ಉಪಯೋಗಕ್ಕೂ ಬರುವುದಿಲ್ಲ. ಪಿನ್ನನ್ನು ಎದೆಯ ನಡುವೆ ಚುಚ್ಚಬೇಡಿ, ಸ್ವಲ್ಪ ಬಲಕ್ಕೆ ಚುಚ್ಚಿ. ಆಗ ಎಡಗಡೆಯ ಬಿರುಗೂದಲೆಲ್ಲ ಹಾಗೇ ಉಳಿಯುತ್ತವೆ.

ಹುಲ್ಲುಹಾದಿ:

ತಿದ್ದಿ ಬರೆದೆ: ‘ಗಂಡು. ಎದೆಯ ಚಿಪ್ಪು ಕಪ್ಪು, ಮೇಲೆ ಬೂದು ಹುಡಿ. ಮಿಸ್ಟ್ಯಾಕ್ಸ್ ಮೇಲೆ ಕಪ್ಪು, ಕೆಳಗೆ ಬಿಳಿ. ಆಂಟೆನಾದ ತುದಿ ಬಾಚಣಿಗೆಯಂತೆ. ಹಿಂಗಾಲಿನ ತೊಡೆ ಬುಡದಿಂದ ಅರ್ಧದವರೆಗೆ ಹಳದಿ, ಆಮೇಲೆ ಕಪ್ಪು.’ ಬಿರುಗೂದಲಿನ ಎಣಿಕೆ ಇನ್ನೂ ನಡೆಯುತ್ತಿದೆ.

ಎರಡುರೆಕ್ಕೆ:

ಇದನ್ನು ಓದಿದರೆ ಹುಳ ಕಣ್ಣ ಮುಂದೆ ಬರುತ್ತದೆ. ಒಂದೇ ತಿದ್ದುಪಡಿ: ತೊಡೆಯ ಒಳಮೈ, ಹೊರಮೈ ಎರಡನ್ನೂ ನೋಡಿ, ಬಣ್ಣ ಬದಲಾಗುವ ಜಾಗ ಎರಡೂ ಕಡೆ ಒಂದೇ ಇರಬೇಕು ಅಂತಿಲ್ಲ.

ಹುಲ್ಲುಹಾದಿ:

ನಿಜ, ಒಳಗಡೆ ಹಳದಿ ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿದೆ. ಸೇರಿಸಿದೆ. ಚೀಟಿಯನ್ನೂ ಬರೆದು ಪಿನ್ನಿಗೆ ಹಾಕಿದೆ. ಜಾಗ, ದಿನಾಂಕದ ಕೆಳಗೆ ಎರಡನೇ ಚೀಟಿಯಲ್ಲಿ ಇಷ್ಟೇ ಇದೆ: ಒಮ್ಮಾಟಿಯಸ್, ಗಂಡು, ಪ್ರಭೇದ ಗುರುತಿಸಿಲ್ಲ.